ಪಾಂಡವರ ಮನೆಯಲ್ಲಿ ಮಡಿವಾಳೆಪ್ಪ

ಮೂರು ಸಾವಿರ ವರ್ಷದ ಗೋರಿಯೊಳಗಿಂದ ರೇಡಿಯೋ ಕೇಳಿಸುತ್ತಿತ್ತು. ಅಳತೆ ಪಟ್ಟಿ ಹಿಡಿದು ಗುಡ್ಡ ಹತ್ತಿ ಬಂದ ಇತಿಹಾಸದ ಮಾಸ್ತರ ಹಜರತಅಲಿ ಗಕ್ಕನೆ ನಿಂತರು. ನಾಲ್ಕು ಕಡೆ ನಿಲ್ಲಿಸಿದ ಚಪ್ಪಡಿ ಕಲ್ಲು, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿನಲ್ಲಿ ಆಳು ತೂರುವಷ್ಟು ದುಂಡನೆಯ ಕಿಂಡಿ. ಕಿಂಡಿಯ ಮುಂದೆ ಕಸ್ತೂರೆವ್ವ ರೊಟ್ಟಿಯ ಗಂಟು ಹಿಡಿದು ಕೂತಿದ್ದಳು.

“ಒಳಗ ಯಾರವ್ವಾ?”

“ನಮ್ಮ ಮನಿಯವರ್ರಿ. ಮುಂಜಾನಿಂದ ಸಿಟ್ಟು ಮಾಡಿ ಈ ಪಾಂಡವರ ಮನಿ ಸೇರ್ಯಾರ. ನಾಕರ ಬಸ್ಸಿಗೆ ಕಲಘಟಗಿಯಿಂದ ಮಗಳನ್ನ ನೋಡಾಕ ಗಂಡಿನವರು ಬರ್ತಾರ. ಅಪ್ಪನ ಇಲ್ಲಂದ್ರ ಅವರು ಏನ ತಿಳ್ಕೋಬೇಕ್ರಿ? ಹುಡುಗಿ ಅಳಾಕತ್ತೈತಿ.”

“ನಿಮ್ಮಣ್ಣನ್ನ ಕುಂದ್ರಸು ಅಪ್ಪನ ಜಾಗಾದಾಗ!” ಕಲ್ಲಿನೊಳಗಿಂದ ದನಿ ಗುಡುಗಿತು. “ನನ್ನ ಒಂದು ಮಾತು ಕೇಳದೇ ಗಂಡು ಗೊತ್ತು ಮಾಡಿದಾಂವ ಅವನ ಅಲ್ಲೇನು?”

ಸಿಟ್ಟೇನೋ ನ್ಯಾಯದ್ದೇ. ಆದರೆ ಕಸ್ತೂರೆವ್ವ ಕಿಂಡಿಗೆ ಹಿಡಿದ ರೊಟ್ಟಿಯನ್ನು ಕೈಯೊಂದು ತಟ್ಟನೆ ಒಳಗೆಳೆದುಕೊಂಡಿತು.

ಮಾಸ್ತರರು ಕೈಗಡಿಯಾರ ನೋಡಿದರು. ಮೂರೂವರೆ. ಅವರಿಗೆ ಗೋರಿ ಅಳೆಯಬೇಕಿತ್ತು, ಆಕೆಗೆ ಗಂಡ ಬೇಕಿತ್ತು. ಯಾವ ಪುಸ್ತಕದಲ್ಲೂ ಓದಿರದ ಮಾತೊಂದನ್ನು ಪಾಠ ಹೇಳುವ ದನಿಯಲ್ಲಿ ಶುರು ಮಾಡಿದರು.

“ಇದು ಪಾಂಡವರ ಮನಿ ಅಲ್ಲವ್ವಾ, ಗೋರಿ. ಆಗಿನ ಕಾಲದಾಗ ಹೆಂಡತಿ ಇಲ್ಲೇ ಕುಂತು, ಗಂಡನ ಹೆಸರು ಹಿಡಿದು ಒಮ್ಮೆ ಕರೀತಿದ್ಳು. ಓ ಅನ್ನಲಿಲ್ಲಂದ್ರ ಕಿಂಡಿ ಮುಚ್ಚಿ ಹೋಗ್ತಿದ್ಳು.”

ರೇಡಿಯೋ ಬಂದ್ ಆಯಿತು.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕಸ್ತೂರೆವ್ವ ಗಂಡನ ಹೆಸರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಆ ಊರಿನ ಕೂಸಿಗೂ ಗೊತ್ತು. ಆಕೆ ಸೆರಗು ಸರಿಮಾಡಿಕೊಂಡು, ಕಿಂಡಿಗೆ ಬಾಯಿ ಹಚ್ಚಿ, ಒಮ್ಮೆ ಕೆಮ್ಮಿದಳು.

“ಮಡಿ...”

“ಏ, ಏ, ಬಾಯಿ ಮುಚ್ಚಬೇ!” ಮೊದಲು ರುಮಾಲು, ಆಮೇಲೆ ರೇಡಿಯೋ, ಕೊನೆಗೆ ಮಡಿವಾಳೆಪ್ಪ ಕಿಂಡಿಯಿಂದ ಹೊರಬಿದ್ದ. ಮೈಗಂಟಿದ ದೂಳನ್ನೂ ಕೊಡವದೆ ಇಳಿಜಾರು ಹಿಡಿದ. “ಲಗೂನ ಬಾ, ಬಸ್ಸು ಬರೂ ಹೊತ್ತಾತು!”

ಮಾಸ್ತರರು ನಗು ತಡೆದುಕೊಂಡು ಮೆಲ್ಲಗೆ ಕೇಳಿದರು. “ಖರೇನ ಹೆಸರು ಹೇಳಾಕಿದ್ದೇನವ್ವಾ? ಅಂಜಿಕಿ ಬರಲಿಲ್ಲ?”

ಕಸ್ತೂರೆವ್ವ ರೊಟ್ಟಿ ಕಟ್ಟಿದ್ದ ಖಾಲಿ ಅರಿವೆ ಕೊಡವಿ ಎದ್ದಳು.

“ಒಲಿ ಮುಂದ ಕುಂತು ದಿನಾ ಹೆಸರು ಹಿಡಿದ ಬೈತೇನ್ರಿ. ಹೆಂಗ ಓಡಾಕತ್ತಾರ ನೋಡ್ರಿ!”