ಬೆರಳು ಮೆಚ್ಚಿದ ಗಂಡ

ಗೋಪುರದ ಗಡಿಯಾರ ಹನ್ನೆರಡು ಹೊಡೆಯಿತು. ಪುಟ್ಟ ಬಾಗಿಲು ತೆರೆದು ಮರದ ರಾಜ, ಮರದ ರಾಣಿ, ಮರದ ಸೈನಿಕರು ಒಬ್ಬರ ಹಿಂದೊಬ್ಬರು ಹೊರಬಂದರು. ಚೌಕದಲ್ಲಿ ನೆರೆದಿದ್ದ ಪ್ರವಾಸಿಗರೆಲ್ಲ ಬಾಯಿ ಬಿಟ್ಟುಕೊಂಡು ಮೇಲೆ ನೋಡಿದರು. ಗುಬ್ಬಿಯ ಗಂಡ ಮಾತ್ರ ಮೇಲೆ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಹಸಿರು ಕೋಟಿನ ಒಬ್ಬ ಹುಡುಗಿಯನ್ನು. ಆ ಹುಡುಗಿಯೂ ಮೇಲೆ ನೋಡುತ್ತಿರಲಿಲ್ಲ.

ಗುಬ್ಬಿ ಎಂಬುದು ಹೆಂಡತಿಗೆ ಅವನೇ ಇಟ್ಟ ಹೆಸರು. ಗಂಡನ ಕಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅವಳ ಕಣ್ಣೂ ಹೋಗುವುದು ಹಳೆಯ ಅಭ್ಯಾಸ.

“ಏನ್ ನೋಡ್ತಿದ್ದೀರಿ?”

“ಬೆರಳು,” ಎಂದ ಗಂಡ, ನಾಚಿಕೆಯೇ ಇಲ್ಲದೆ. “ಎಂಥ ಬೆರಳು ನೋಡೇ!”

ಗುಬ್ಬಿಯ ಹೊಟ್ಟೆಗೆ ಕಿಚ್ಚು ಬಿತ್ತು. ಮುಖ ನೋಡುವ ಗಂಡಸನ್ನು ಗದರಿಸಿ ದಾರಿಗೆ ತರಬಹುದು. ಬೆರಳು ನೋಡುವವನನ್ನು ಏನು ಮಾಡುವುದು? ಇಪ್ಪತ್ತು ವರ್ಷದ ಹಿಂದೆ ಇದೇ ಮನುಷ್ಯ, ಇದೇ ಹಳೇ ರಾಜಧಾನಿಯ ಟ್ರಾಮಿನಲ್ಲಿ, ಅವಳ ಬೆರಳು ಕಂಡು ಮರುಳಾಗಿ ಮದುವೆಯಾದವನು. ಆಮೇಲೆ ಆ ಬೆರಳುಗಳಿಗೆ ನಡೆದ ಉಪಚಾರ ಅಷ್ಟಿಷ್ಟಲ್ಲ. ಪಾತ್ರೆ ತಿಕ್ಕುವವನು ಅವನೇ, ಬಟ್ಟೆ ಹಿಂಡುವವನೂ ಅವನೇ. ಮಲಗುವ ಮುಂಚೆ ಒಂದೊಂದೇ ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದ. “ಪುಣ್ಯ ಮಾಡಿದ್ದೀಯ ಕಣೇ,” ಎಂದು ಓರಗಿತ್ತಿಯರು ಕರುಬುತ್ತಿದ್ದರು.

ಈಗ ಕರುಬುವ ಸರದಿ ಗುಬ್ಬಿಯದು. ಎರಡು ಚಳಿಗಾಲದಿಂದ ಅವಳ ಬೆರಳಿನ ಗೆಣ್ಣುಗಳು ಬೆಳಗಿನ ಹೊತ್ತು ಬಿಗಿದುಕೊಳ್ಳುತ್ತಿದ್ದವು. ಎಣ್ಣೆ ತಿಕ್ಕುವುದನ್ನು ಗಂಡ ಬಿಟ್ಟಿರಲಿಲ್ಲ. ಆದರೆ ತಿಕ್ಕುವಾಗ ನಿಟ್ಟುಸಿರು ಬಿಡುತ್ತಿದ್ದ.

ಪ್ರವಾಸಿಗರ ಕಾಲ ಬಂತೆಂದರೆ ಗಂಡ ಹೆಂಡತಿ ಹಳೇ ರಾಜಧಾನಿಗೆ ಹಾಜರು. ಅರಮನೆಯಲ್ಲಿ ಜನ ಎಲ್ಲಿ ಮುಗಿಬೀಳುತ್ತಾರೆ, ಯಾವ ಟ್ರಾಮು ತುಂಬಿ ತುಳುಕುತ್ತದೆ, ಎಲ್ಲವೂ ಇಬ್ಬರಿಗೂ ಬಾಯಿಪಾಠ. ಅವನು ಮುಂದೆ, ಸಿಕ್ಕವರನ್ನೆಲ್ಲ ಮಾತಿಗೆಳೆಯುತ್ತಾ. ಅವಳು ಹಿಂದೆ, ಎಷ್ಟೇ ಬಿಸಿಲಿದ್ದರೂ ತೋಳಿನಿಂದ ಇಳಿಯದ ಶಾಲು ಹೊತ್ತು. ಇಷ್ಟು ವರ್ಷ ಅವರ ನಡುವೆ ಇನ್ನೊಬ್ಬರು ನುಸುಳಿದ್ದೇ ಇಲ್ಲ.

ಮಧ್ಯಾಹ್ನ ಅರಮನೆಯಲ್ಲಿ ಅದೇ ಹಸಿರು ಕೋಟು. ರಾಣಿಯರ ಒಡವೆಗಳ ಮುಂದೆ, ಜನಜಂಗುಳಿಯ ನಡುವೆ. ಗಂಡ ಸೀದಾ ಅವಳ ಬಳಿ ಹೋದ. ಗುಬ್ಬಿ ಯಾವುದೋ ರಾಜನ ಕಬ್ಬಿಣದ ಕವಚದ ಹಿಂದೆ ನಿಂತು ಕಿವಿಗೊಟ್ಟಳು.

“ಚೌಕದಲ್ಲಿ ನಿನ್ನನ್ನೇ ನೋಡ್ತಿದ್ದೆ.”

ಹುಡುಗಿಯ ಮುಖ ಕೆಂಪಾಯಿತು.

“ಹೆದರಬೇಡ. ಒಬ್ಬಳೇನಾ?”

“ಒಬ್ಬಳೇ.”

“ಎಷ್ಟು ದಿನ ಅಂತ ಒಬ್ಬಳೇ ಕಷ್ಟಪಡ್ತೀಯ? ನನ್ ಜೊತೆ ಬಾ. ನನ್ ಹೆಂಡತಿಗೆ ಇನ್ನು ಆಗಲ್ಲ.”

ಮಾತಾಡುತ್ತಾ ಅವನು ಮದುವೆಯ ಉಂಗುರವನ್ನು ತಿರುಗಿಸುತ್ತಿದ್ದ. ಈಚೆಗೆ ಮೈ ಇಳಿದು ಆ ಉಂಗುರ ಸಡಿಲವಾಗಿತ್ತು. ಗುಬ್ಬಿಯ ಕಣ್ಣಿಗೆ ಅದೊಂದೇ ಕಂಡಿತು. ಕವಚದೊಳಗಿನ ರಾಜ ಎದ್ದು ಬಂದು ಕತ್ತಿ ಕೊಟ್ಟಿದ್ದರೆ ಅವಳು ಬೇಡ ಎನ್ನುತ್ತಿರಲಿಲ್ಲ.

“ಸಂಜೆ ಆ ಹುಡುಗಿ ನಮ್ ರೂಮಿಗೆ ಬರ್ತಾಳೆ,” ಎಂದು ಗಂಡ ಮೆಟ್ಟಿಲಿಳಿಯುವಾಗ ಹೇಳಿದ. “ಒಪ್ಪಿದರೆ ಇನ್ಮೇಲೆ ನಮ್ ಜೊತೆನೇ.”

“ನಮ್ ಜೊತೆನೋ, ನಿಮ್ ಜೊತೆನೋ?”

“ನೀನು ಮನೇಲಿ ಆರಾಮಾಗಿರು ಗುಬ್ಬಿ. ನಿನಗೇನೂ ಕಡಿಮೆ ಮಾಡಲ್ಲ.”

ಸವತಿ ತರುವ ಗಂಡಸರೆಲ್ಲ ಹೇಳುವ ಮಾತು. ಗುಬ್ಬಿ ತುಟಿ ಕಚ್ಚಿಕೊಂಡಳು. ಅಳು ಬಂದಿತ್ತು, ಅಳಲಿಲ್ಲ. ಅಳುವ ಹೆಂಗಸಿನ ಕಡೆ ಹತ್ತು ಜನ ತಿರುಗಿ ನೋಡುತ್ತಾರೆ.

ಅರಮನೆ ಮುಚ್ಚುವ ಹೊತ್ತಿನ ಟ್ರಾಮಿಗೆ ಇಡೀ ಊರೇ ಹತ್ತಿದಂತಿತ್ತು. ಬಾಗಿಲಲ್ಲಿ ನಿಂತ ಪೊಲೀಸಿನವನು “ಒಳಗೆ ಸರೀರಿ, ಒಳಗೆ” ಎಂದು ಕೂಗುತ್ತಿದ್ದ. ಎದೆಯ ಮೇಲೆ ಸೀಟಿ ತೂಗಾಡುತ್ತಿತ್ತು. ಗಂಡ ಆಗಲೇ ಕ್ಯಾಮೆರಾ ತೂಗುಹಾಕಿಕೊಂಡ ದಪ್ಪ ಪ್ರವಾಸಿಯೊಬ್ಬನಿಗೆ ನಕ್ಷೆ ಬಿಡಿಸಿ ತೋರಿಸುತ್ತಿದ್ದ. “ಆ ಸೇತುವೆ ಇದೆಯಲ್ಲ, ಅದನ್ನ ಕಟ್ಟಿಸಿದ ರಾಜ ಅದರ ಮೇಲೆ ಒಂದು ಸಲಾನೂ ನಡೀಲಿಲ್ಲ.” ಪಕ್ಕದಲ್ಲಿ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಣಿಕಟ್ಟಿನ ವಾಚು ಮಿರಮಿರ ಮಿಂಚಿತು. ಈ ಸೇತುವೆಯ ಕಥೆಗೆ ಗುಬ್ಬಿ ವರ್ಷಗಟ್ಟಲೆ ನಕ್ಕಿದ್ದಳು.

ತಿರುವಿನಲ್ಲಿ ಟ್ರಾಮು ವಾಲಿತು. ಗುಬ್ಬಿ ಮುಗ್ಗರಿಸಿ ಒಬ್ಬರಾದ ಮೇಲೊಬ್ಬರಿಗೆ ತಾಗಿದಳು. “ಕ್ಷಮಿಸಿ, ವಯಸ್ಸಾಯ್ತು,” ಎಂದು ಪೊಲೀಸಿನವನ ಬಳಿಯೂ ಹೇಳಿದಳು. ಅವನು ಪಾಪ, ಕೈ ಹಿಡಿದು ನಿಲ್ಲಿಸಿದ. ಇಳಿಯುವ ಮುಂಚೆ ಅವಳು ಗಂಡನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು, ಹೊಸದಾಗಿ ಮದುವೆಯಾದವಳ ಹಾಗೆ.

“ಬಿಡೇ, ಜನ ನೋಡ್ತಾರೆ,” ಎಂದು ಗಂಡ ಕೈ ಎಳೆದುಕೊಂಡ.

ರೂಮಿನಲ್ಲಿ ಅವನು ಬಾಗಿಲ ಚಿಲಕ ಹಾಕಿದ. ಹುಡುಗಿಗೆ ಕುರ್ಚಿ ಎಳೆದುಕೊಟ್ಟ. ಅದು ಗುಬ್ಬಿ ಕೂರುವ ಕುರ್ಚಿ. ಹುಡುಗಿ ಅದರ ತುದಿಯಲ್ಲಿ ಕೂತಳು.

“ನೋಡು ಗುಬ್ಬಿ, ನೀನು ಬೇಡ ಅಂದ್ರೆ ಬೇಡ,” ಎಂದ ಗಂಡ. “ನಿನ್ ಮೇಲಿನ ಪ್ರೀತಿ ಎಲ್ಲೂ ಹೋಗಿಲ್ಲ. ಆದ್ರೆ ಈ ಕೈಯಲ್ಲಿ ಇನ್ನು ಆಗಲ್ಲ. ಅದು ನಿನಗೂ ಗೊತ್ತು.”

ಗುಬ್ಬಿ ತೋಳಿನ ಮೇಲಿನ ಶಾಲನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಬಿಡಿಸಿದಳು.

ಒಳಗಿದ್ದವು ದಪ್ಪ ಪ್ರವಾಸಿಯ ಪರ್ಸು, ಹುಡುಗಿಯ ವಾಚು, ಪೊಲೀಸಿನವನ ಸೀಟಿ, ಮತ್ತು ಗಂಡನ ಮದುವೆಯ ಉಂಗುರ.