ಕಮಟು

ಕೇಕಿನ ಅಂಚಿನ ಒಂದು ಚೂರನ್ನು ಬಾಯಿಗೆ ಹಾಕಿಕೊಂಡ ಶಿಲ್ಪಶ್ರೀ ಅದನ್ನು ಹಾಗೆಯೇ ಸಿಂಕಿಗೆ ಉಗುಳಿದಳು. ನೆಗಡಿಯಿಂದ ಮೂಗು ಕಟ್ಟಿದ್ದರೂ ನಾಲಿಗೆಗೆ ಗೊತ್ತಾಯಿತು. ಕಮಟು ಹಿಡಿದ ಎಣ್ಣೆಯ ಕಹಿ.

ಮೊಟ್ಟೆ ಹಾಕದ ಕೇಕು ಅದು. ಕೆಳಮನೆಯ ವಿಮಲಾಳ ಮಗ ಲಿಖಿತ್‌ಗೆ ಮೊಟ್ಟೆ ಆಗದು. ಹೋದ ವರ್ಷ ಯಾರದೋ ಹುಟ್ಟುಹಬ್ಬದಲ್ಲಿ ಒಂದು ತುಂಡು ಕೇಕು ತಿಂದು, ಮುಖ ಊದಿ, ಉಸಿರು ಸಿಕ್ಕಿಕೊಂಡು ಆಸ್ಪತ್ರೆ ಸೇರಿದ್ದ. ಇವತ್ತು ಸಂಜೆ ಮೊದಲ ಸಲ ತನ್ನದೇ ಕೇಕು ಕತ್ತರಿಸುವವನಿದ್ದ. ಇಂಥ ಕೇಕುಗಳಿಗೆ ಶಿಲ್ಪಶ್ರೀ ಅಗಸೆ ಬೀಜದ ಪುಡಿಯನ್ನು ನೀರಿನಲ್ಲಿ ನೆನೆಸಿ ಹಾಕುತ್ತಿದ್ದಳು; ಅದು ಲೋಳೆಯಾಗಿ, ಮೊಟ್ಟೆಯ ಹಾಗೆಯೇ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಪುಡಿಯ ಡಬ್ಬಿ ಇರುತ್ತಿದ್ದದ್ದು ಫ್ರೀಜರಿನಲ್ಲಿ. ಐಸ್‌ಕ್ರೀಮಿಗೆ ಜಾಗ ಬೇಕೆಂದು ತಾನೇ ಅದನ್ನು ತೆಗೆದು ಒಲೆಯ ಮೇಲಿನ ಗೂಡಿನಲ್ಲಿಟ್ಟು ಮರೆತಿದ್ದಳು. ತಮಿಳು ಸೀಮೆಯ ಅಡ್ಯಾರಿನ ಬೇಸಿಗೆ, ಮೇಲೆ ಒಲೆಯ ಕಾವು. ಅನುಮಾನ ಬಂದೇ ಬೆಳಿಗ್ಗೆ ಡಬ್ಬಿಯನ್ನು ಅತ್ತೆಯ ಮುಂದೆ ಹಿಡಿದು, “ನನ್ನ ಮೂಗು ಕಟ್ಟೇತಿ, ನೀವ ಒಂಚೂರು ಮೂಸಿ ನೋಡ್ರಿ” ಎಂದಿದ್ದಳು.

“ಚಲೋ ಐತಿ, ಹಾಕು” ಎಂದಿದ್ದರು ಜಯದೇವಿ. ಗದಗಿನ ಕಡೆಯವರು, ವರ್ಷವಿಡೀ ಅಗಸೆ ಹಿಂಡಿಯ ಚಟ್ನಿಪುಡಿ ಕುಟ್ಟಿದವರು. ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಶಿಲ್ಪಶ್ರೀ ಇನ್ನೊಂದು ಚೂರು ಮುರಿದು ಅವರ ಕೈಗಿಟ್ಟಳು. ಜಯದೇವಿಯವರ ಮುಖ ಕಿವುಚಿಕೊಂಡಿತು.

“ಕಹಿ ಆಗೇತಿ.”

“ಮುಂಜಾನೆ ಚಲೋ ಐತಿ ಅಂದ್ರಲ್ಲ?”

ಜಯದೇವಿ ಉಳಿದ ಚೂರನ್ನು ತಟ್ಟೆಯಂಚಿಗಿಟ್ಟರು.

“ನಾ ಮಂದಿಗೆ ಕೇಕ್ ಮಾಡಿ ಕೊಡೂದು ನಿಮಗ ಮೊದಲಿಂದಾನೂ ಸೇರೂದಿಲ್ಲ, ಗೊತ್ತೈತಿ. ಆದ್ರ ಇದು ಸಣ್ಣ ಹುಡುಗನ ಕೇಕ್‌ರೀ ಅತ್ತಿ. ಬೇಕಂತನ ಹಂಗಂದ್ರೇನು?”

ಜಯದೇವಿಯವರ ತುಟಿ ಅಲುಗಿತು. ಇಲ್ಲ ಎನ್ನುತ್ತಾರೆಂದು ಶಿಲ್ಪಶ್ರೀ ಕಾದಳು. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದರು. ಅಲ್ಲಿಗೆ ಅವಳ ಅನುಮಾನ ಗಟ್ಟಿಯಾಯಿತು.

ಇಡೀ ಬೀಜದ ಡಬ್ಬಿ ಬೇರೆ ಇತ್ತು. ಒಂದೆರಡು ಕಾಳು ಕಚ್ಚಿ ನೋಡಿದಳು. ಸಿಪ್ಪೆಯೊಳಗಿನ ಬೀಜಕ್ಕೆ ಏನೂ ಆಗಿರಲಿಲ್ಲ. ಹಾಲನ್ನು ಒಲೆಯ ಮೇಲಿಟ್ಟು, “ನೋಡ್ಕೋರಿ” ಎಂದು ಅತ್ತೆಯ ಮುಖ ನೋಡದೆ ಹೇಳಿ, ಬೀಜ ಪುಡಿ ಮಾಡಲು ನಡುಮನೆಯಲ್ಲಿದ್ದ ಮಿಕ್ಸಿಯ ಕಡೆ ಹೋದಳು. ವಾಪಸು ಬಂದಾಗಲೂ ಜಯದೇವಿ ಮುಚ್ಚಿದ್ದ ಗಾಜಿನ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಲೇ ನಿಂತಿದ್ದರು. ಇವಳು ಅತ್ತೆಯ ಕಡೆಗಾಗಲಿ ಒಲೆಯ ಕಡೆಗಾಗಲಿ ತಿರುಗಲಿಲ್ಲ. ಓವನ್ ಕಾಯಲಿ ಎಂದು ಸ್ವಿಚ್ಚಿಗೆ ಕೈ ಹಾಕಿದಳು.

“ಅಮ್ಮಾ! ಗ್ಯಾಸ್ ನಾತ್ತಂ ವರುದು! ಸ್ವಿಚ್ ಪೋಡಾದೆ!”

ಆಟ ಮುಗಿಸಿ ಬಂದ ಮಗಳು ಸೌಂದರ್ಯಾ, ಗ್ಯಾಸ್ ವಾಸನೆ, ಸ್ವಿಚ್ ಹಾಕಬೇಡ ಎಂದು ತಮಿಳಿನಲ್ಲೇ ಕೂಗುತ್ತ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತಿದ್ದಳು. ಶಿಲ್ಪಶ್ರೀಯ ಕೈ ಹಿಂದಕ್ಕೆ ಬಂತು. ಹಾಲು ಉಕ್ಕಿ ಒಲೆಯ ಸುತ್ತ ಹರಿದಿತ್ತು. ಉರಿ ಆರಿತ್ತು, ಗ್ಯಾಸು ಸುಯ್ಯೆನ್ನುತ್ತಿತ್ತು. ಅವಳು ನಾಬು ತಿರುಗಿಸಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಇಬ್ಬರನ್ನೂ ಬಾಲ್ಕನಿಗೆ ಎಳೆದುಕೊಂಡು ಹೋದಳು.

“ನನಗ ನೆಗಡಿ” ಎಂದಳು ಶಿಲ್ಪಶ್ರೀ. “ನಿಮಗೇನಾಗಿತ್ರಿ? ಒಲಿ ಬಾಜೂಕ ನಿಂತಿದ್ರಿ.”

ಜಯದೇವಿ ಕೆಳಗಿನ ರಸ್ತೆಯನ್ನೇ ನೋಡುತ್ತ ಹೇಳಿದರು: “ಕೊರೋನಾ ಬಂದು ಹ್ವಾದಾಗಿಂದ ನನ್ನ ಮೂಗಿಗೆ ಯಾವ ವಾಸನಿನೂ ಇಲ್ಲವ್ವಾ.”

“ಇಷ್ಟು ವರ್ಷ! ಒಂದ್ ಮಾತು ಹೇಳಬಾರದಾಗಿತ್ತೇನ್ರಿ?”

“ಹೇಳಿದ್ರ ಒಲಿ ಮುಂದ ನಿಂದ್ರಾಕ ಬಿಡ್ತಿದ್ರೇನು ನೀವು?”

ಬಿಡುತ್ತಿರಲಿಲ್ಲ. ಶಿಲ್ಪಶ್ರೀ ಬೇರೆಯದನ್ನೇ ಕೇಳಿದಳು: “ಹಂಗಾದ್ರ ದಿನಾ ಇಷ್ಟ ಅಡಗಿ ಹ್ಯಾಂಗ ಮಾಡ್ತೀರಿ? ಒಗ್ಗರಣಿ ಸೀದಿದ್ದು, ಸಾರು ಹಳಸಿದ್ದು ಹ್ಯಾಂಗ ಗೊತ್ತಾಕ್ಕೈತಿ?”

“ಕಹಿ, ಹುಳಿ ಅಷ್ಟ ನಾಲಿಗಿಗೆ ತಿಳೀತೈತಿ, ಉಳಿದದ್ದು ಗೊತ್ತಾಗೂದಿಲ್ಲ. ಊಟಕ್ಕ ಕುಂತಾಗ ಮೊದಲನೇ ತುತ್ತಿಗೆ ನಿಮ್ಮೆಲ್ಲಾರ ಮಾರಿ ನೋಡ್ತೀನಿ.”

ಆ ನೋಟ ಶಿಲ್ಪಶ್ರೀಗೆ ಗೊತ್ತಿತ್ತು. ಅಡುಗೆ ಚೆನ್ನಾಗಿದೆ ಎನ್ನಿಸಿಕೊಳ್ಳಲು ಕಾಯುತ್ತಾರೆ ಎಂದೇ ತಿಳಿದಿದ್ದಳು. ಅದಕ್ಕೇ ಬೇಕೆಂದೇ ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಒಳಗೆ ಗಾಳಿ ಆಡಿ, ಸೌಂದರ್ಯಾ ಮೂಲೆ ಮೂಲೆಯನ್ನೂ ಮೂಸಿ “ಈಗ ಓಕೆ” ಎಂದ ಮೇಲೆ ಕೆಲಸ ಮತ್ತೆ ಶುರುವಾಯಿತು. ಹೊಸ ಪುಡಿ ನೀರಿನಲ್ಲಿ ನೆನೆಯಿತು. ಉಳಿದದ್ದು ಬಿಗಿ ಮುಚ್ಚಳದ ಡಬ್ಬಿ ಸೇರಿ ಫ್ರೀಜರಿಗೆ ಹೋಯಿತು, ಐಸ್‌ಕ್ರೀಮು ಹೊರಗೆ ಬಂತು. ಅತ್ತೆ ಹಿಟ್ಟು ಜರಡಿ ಹಿಡಿದರು. ಸೊಸೆ ಬೇಡ ಎನ್ನಲಿಲ್ಲ.

ಕೇಕಿನ ಜೊತೆಗೇ ಅದೇ ಹಿಟ್ಟಿನ ಒಂದು ಪುಟ್ಟ ಬಟ್ಟಲು ಕೇಕೂ ಬೆಂದಿತ್ತು. ಅದನ್ನು ಸೌಂದರ್ಯಾಳ ಕೈಗೆ ಕೊಟ್ಟರು. ಅವಳು ಊದಿ, ದೊಡ್ಡದಾಗಿ ಒಂದು ತುಂಡು ಕಚ್ಚಿ, ತಲೆಯೆತ್ತಿದಳು. ಅಮ್ಮ, ಅಜ್ಜಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು.