ಅರಬೈಲ್ ಘಟ್ಟಕ್ಕೆ ಹೊರಟ ಲೋಡು

ಕಬ್ಬಿಣದ ಸರಳು ಹೇರಿ ನಿಂತಿದ್ದ ಲಾರಿಯ ಅಡಿಯಿಂದ ಮೌಲಾಸಾಬ ತೆವಳಿಕೊಂಡು ಹೊರಬಂದ. ಬ್ರೇಕಿನ ಪೈಪು ಸೀಳಿ ಗಾಳಿ ಸೋರುತ್ತಿತ್ತು. ಇಪ್ಪತ್ತೆರಡು ವರ್ಷ ಅರಬೈಲ್ ಘಟ್ಟ ಹತ್ತಿ ಇಳಿದ ಡ್ರೈವರ್ ಅವನು. ಮೈಮೇಲಿನ ಧೂಳು ಕೊಡವಿಕೊಳ್ಳದೆ ನೇರವಾಗಿ ಆಫೀಸಿಗೆ ಹೋಗಿ, ಕೀಲಿಯನ್ನು ಲಾರಿ ಮಾಲೀಕರಾದ ಸಾಹುಕಾರರ ಮೇಜಿನ ಮೇಲಿಟ್ಟ.

“ಈ ಗಾಡಿ ನಾ ಒಯ್ಯಂಗಿಲ್ರಿ. ಬ್ರೇಕ್ ಹಿಡಿಯಂಗಿಲ್ಲ.”

“ನಿನ್ನೆ ಹಿಡೀತಿತ್ತಲ್ಲ? ಸಂಜಿಗೆ ಮಾಲು ಕಾರವಾರ ಮುಟ್ಟಬೇಕು. ಒಯ್ಯದಿದ್ರ ನಾಳಿಂದ ಬರಬ್ಯಾಡ.”

“ಬರಂಗಿಲ್ರಿ. ಆದ್ರ ಇದನ್ನ ಬ್ಯಾರೆ ಯಾರಿಗೂ ಒಯ್ಯಾಕ ಬಿಡಂಗಿಲ್ಲ. ಗೇಟಿಗೆ ಅಡ್ಡ ಮಲಗತೀನಿ. ಘಟ್ಟದಾಗ ಬ್ರೇಕ್ ಹೋದ್ರ ಡ್ರೈವರ್ ಒಬ್ಬನ ಸಾಯಂಗಿಲ್ಲ, ಮುಂದ ಹೊಂಟ ಬಸ್ಸಿನ್ಯಾಗಿನ ಮಂದಿನೂ ಸಾಯ್ತಾರ.”

ಸಾಹುಕಾರರು ನಕ್ಕರು. “ಘಟ್ಟ ನನಗೂ ಗೊತ್ತೈತಿ. ಇವತ್ತ ಮನಿಮಂದಿನ್ನ ಕರ್ಕೊಂಡು ನಾನೂ ಅದ ದಾರೀಲೆ ಗೋಕರ್ಣಕ್ಕ ಹೊಂಟೀನಿ. ಏನೂ ಆಗಂಗಿಲ್ಲ, ತಗಿ ಗಾಡಿ.”

ಅಂಗಳದಲ್ಲಿ ಕಾರು ಸಿದ್ಧವಾಗಿತ್ತು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಾಹುಕಾರರ ಹೆಂಡತಿ ಹಿಂದಿನ ಸೀಟಿನಲ್ಲಿ ಕಾಯುತ್ತಿದ್ದರು. ಮೌಲಾಸಾಬ ಒಂದು ಗಳಿಗೆ ಅತ್ತ ನೋಡಿದ. ಮೇಜಿನ ಮೇಲಿದ್ದ ಕೀಲಿಯನ್ನು ಮತ್ತೆ ಕೈಗೆತ್ತಿಕೊಂಡ.

“ಹಂಗಾದ್ರ ಒಯ್ತೀನ್ರಿ. ಘಟ್ಟ ಇಳಿಯೂತನಕ ನಿಮ್ಮ ಕಾರು ನನ್ನ ಗಾಡಿ ಮುಂದ ಇರಲಿ.”

ಸಾಹುಕಾರರು ಕಾರಿನ ಕಡೆ ನೋಡಿದರು. ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರು.